ಹದಿನೇಳು ವರ್ಷದ ಲ್ಯಾಬ್ ಕೆಲಸ ಬಿಟ್ಟು ವಿಮೆ ಏಜೆಂಟ್ ಆಗಲು ಹೋದೆ: ಹತ್ತು ವಾರದ ತರಬೇತಿ ಹೇಗಿತ್ತು

ಬೇರೆ ಕೆಲಸ ಬಿಟ್ಟು ವಿಮೆ ಏಜೆಂಟ್ ಆಗಬೇಕೆಂದಿರುವವರಿಗೆ ಅಂತಲೇ ನಡೆಸುವ ಹತ್ತು ವಾರದ ತರಬೇತಿಯೊಂದನ್ನು ನಾನು ಮುಗಿಸಿ ಒಂದೂವರೆ ವರ್ಷ ದಾಟಿತು. ಮುಗಿದ ವಾರವೇ ಅಭಿಪ್ರಾಯ ಬರೆದುಕೊಡಿ ಅಂತ ಸಂಸ್ಥೆಯವರು ಕೇಳಿದ್ದರು. ಆಗ ಮನಸ್ಸು ಒಪ್ಪಲಿಲ್ಲ. ಪಾಠ ಚೆನ್ನಾಗಿತ್ತು, ಪರೀಕ್ಷೆ ಪಾಸಾದೆ ಅಂತ ಎರಡು ಸಾಲು ಬರೆಯಬಹುದಿತ್ತು. ಆದರೆ ವಿಮೆಯ ತರಬೇತಿ ನೆಟ್ಟಗಿತ್ತೋ ಇಲ್ಲವೋ ಗೊತ್ತಾಗುವುದು ನಾವು ಮಾಡಿಸಿದ ಪಾಲಿಸಿಯ ಮೇಲೆ ಮೊದಲನೇ ಕ್ಲೈಮ್, ಅಂದರೆ ವಿಮೆಯ ದುಡ್ಡು ಕೊಡಿ ಎಂಬ ಬೇಡಿಕೆ, ಬಂದಾಗ. ನನಗೆ ಅದು ಬಂದು ಇತ್ಯರ್ಥವೂ ಆಯಿತು. ಹಾಗಾಗಿ ಈಗ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ. ಕೆಲವು ದೂರುಗಳಿವೆ, ಅಲ್ಲದೆ ಇಂಥ ತರಬೇತಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ನಾನು ಹೇಳುವುದು ಬೇರೆ ಕಡೆ ಸೇರುವವರಿಗೂ ಉಪಯೋಗಕ್ಕೆ ಬಂದೀತು.

ನಾನು 17 ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವಳು. ಟ್ಯೂಬಿನ ಮೇಲೆ ಅಂಟಿಸಿದ ನಂಬರ್ ಗೊತ್ತು, ಆ ರಕ್ತ ಯಾರದೆಂದು ಗೊತ್ತಿಲ್ಲ. ಯಂತ್ರಗಳು ಹೊಸದಾದಂತೆ ಕೈಯಲ್ಲಿ ಮಾಡುವ ಕೆಲಸ ಕಡಿಮೆಯಾಯಿತು, ರಾತ್ರಿ ಪಾಳಿ ಮಾತ್ರ ಕಡಿಮೆಯಾಗಲಿಲ್ಲ. ಶುಗರ್ ಮುನ್ನೂರು ದಾಟಿದ ರಿಪೋರ್ಟನ್ನು ಟೈಪ್ ಮಾಡಿ ಕಳಿಸುವಾಗ, ಈ ಮನುಷ್ಯನ ಮೇಲೆ ಎಷ್ಟು ಜನ ನಿಂತಿದ್ದಾರೋ ಅಂತ ಯೋಚನೆ ಬರುತ್ತಿತ್ತು. ಯೋಚನೆ ಮಾಡಿ ಮಾಡುವುದೇನೂ ಇರಲಿಲ್ಲ, ಮುಂದಿನ ಟ್ಯೂಬ್ ಎತ್ತಿಕೊಳ್ಳಬೇಕು. ಕೆಲಸ ಬಿಡುವಾಗ ನನಗೆ 43 ವರ್ಷ. ಈ ವಯಸ್ಸಿನಲ್ಲಿ ಯಾಕಮ್ಮ, ಅದೂ ಏಜೆಂಟ್ ಕೆಲಸ, ಎಂದವರೇ ಹೆಚ್ಚು.

ನಮ್ಮ ಬ್ಯಾಚಿನಲ್ಲಿ 22 ಜನ. ಬ್ಯಾಂಕಿನ ಕೌಂಟರಿನಲ್ಲಿದ್ದವರು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು, ಔಷಧಿ ಕಂಪನಿಯ ಪ್ರತಿನಿಧಿ, ಸೇನೆಯಿಂದ ನಿವೃತ್ತರಾದವರು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ದುಡಿಯಲು ಹೊರಟ ಇಬ್ಬರು ತಾಯಂದಿರು. ಇದು ನನಗೆ ಹಿಡಿಸಿದ ಮೊದಲ ಸಂಗತಿ. ಇಪ್ಪತ್ತೆರಡರ ಹುಡುಗರ ನಡುವೆ ಕೂರಿಸಿ 'ಕನಸು ಕಾಣಿ' ಎನ್ನುವ ತರಗತಿ ಅದಲ್ಲ. ಪ್ರತಿಯೊಬ್ಬರೂ ಒಂದು ಕೆಲಸವನ್ನು ವರ್ಷಗಟ್ಟಲೆ ಮಾಡಿ ಬಂದವರು, ಪ್ರಶ್ನೆ ಕೇಳುವ ರೀತಿಯೇ ಬೇರೆ.

ಮೊದಲೆರಡು ವಾರ ವಿಮೆಯ ಮೂಲತತ್ವ ಮತ್ತು ಇತಿಹಾಸ. ಇತಿಹಾಸವೆಂದರೆ ನಿದ್ದೆ ಬರುವ ಪಾಠವೆಂದುಕೊಂಡೇ ಕೂತಿದ್ದೆ. 1666ರ ಲಂಡನ್ ಬೆಂಕಿಯಿಂದ ಮನೆಗಳ ವಿಮೆ ಶುರುವಾದದ್ದು, ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನವರೂ ವ್ಯಾಪಾರಿಗಳೂ ಕೂತು ಸಮುದ್ರಯಾನದ ವಿಮೆ ಕುದುರಿಸಿದ್ದು, ಇವನ್ನೆಲ್ಲ ಒಂದೇ ಗಂಟೆಯಲ್ಲಿ ಮುಗಿಸಿದರು. ನಿಂತು ಕಲಿಸಿದ್ದು ಒಂದು ಕೋಷ್ಟಕವನ್ನು.

ಎಡ್ಮಂಡ್ ಹ್ಯಾಲಿ, ಧೂಮಕೇತುವಿಗೆ ಹೆಸರಾದ ಅದೇ ಹ್ಯಾಲಿ, 1693ರಲ್ಲಿ ಬ್ರೆಸ್ಲೌ ಎಂಬ ಊರಿನ ಜನನ ಮರಣದ ಲೆಕ್ಕ ಇಟ್ಟುಕೊಂಡು ಒಂದು ಪಟ್ಟಿ ಮಾಡಿದ. ಒಂದು ವರ್ಷದ ಸಾವಿರ ಮಕ್ಕಳನ್ನು ತೆಗೆದುಕೊಂಡರೆ ಯಾವ ವಯಸ್ಸಿಗೆ ಎಷ್ಟು ಜನ ಉಳಿದಿರುತ್ತಾರೆ ಅನ್ನುವ ಪಟ್ಟಿ. ಇಪ್ಪತ್ತನೇ ವಯಸ್ಸಿಗೆ 598, ಇಪ್ಪತ್ತೊಂದಕ್ಕೆ 592. ನಲವತ್ತಕ್ಕೆ 445, ನಲವತ್ತೊಂದಕ್ಕೆ 436. ಅರವತ್ತಕ್ಕೆ 242, ಅರವತ್ತೊಂದಕ್ಕೆ 232. ನಮ್ಮ ಮುಂದೆ ಪಟ್ಟಿ ಇಟ್ಟು, ಒಂದು ವರ್ಷದ ವಿಮೆಗೆ ತಲಾ ಎಷ್ಟು ವಸೂಲಿ ಮಾಡುತ್ತೀರಿ, ಹೇಳಿ ಎಂದರು. ಸತ್ತವರ ಮನೆಗೆ ನೂರು ನೂರು ಕೊಡಬೇಕು; ಖರ್ಚು, ಲಾಭ ಎರಡೂ ಬೇಡ. ಗಣಿತ ಮೇಷ್ಟ್ರು ಬೋರ್ಡಿಗೆ ಹೋದರು. ಇಪ್ಪತ್ತರವರಲ್ಲಿ 598 ಜನಕ್ಕೆ 6 ಸಾವು, ಆರುನೂರನ್ನು 598 ಜನ ಹಂಚಿಕೊಂಡರೆ ತಲಾ ಒಂದು. ನಲವತ್ತರವರಲ್ಲಿ 445ಕ್ಕೆ 9, ತಲಾ ಎರಡು. ಅರವತ್ತರವರಲ್ಲಿ 242ಕ್ಕೆ 10, ತಲಾ ನಾಲ್ಕಕ್ಕೂ ಸ್ವಲ್ಪ ಮೇಲೆ. ಒಂದು, ಎರಡು, ನಾಲ್ಕು. ತರಗತಿ ಸುಮ್ಮನಾಯಿತು. ಇಂದಿನ ಸಾವಿನ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ವಯಸ್ಸಾದಂತೆ ಕಂತು ಯಾಕೆ ಏರುತ್ತದೆ ಅಂತ ಈಗ ನನ್ನನ್ನು ಯಾರು ಕೇಳಿದರೂ ನಾನು ಹೇಳುವುದು ಈ ಮೂರು ಅಂಕಿಗಳನ್ನೇ.

ಅದರ ಬೆನ್ನಿಗೇ ಜೇಮ್ಸ್ ಡಾಡ್ಸನ್ ಅವರ ಕಥೆ ಬಂತು. ಲಂಡನ್ನಿನ ಗಣಿತಜ್ಞ. ವಯಸ್ಸು ಮೀರಿತೆಂದು ಆಗಿನ ವಿಮಾ ಸಂಘವೊಂದು ಆತನನ್ನು ಸೇರಿಸಿಕೊಳ್ಳಲಿಲ್ಲ. 45 ದಾಟಿದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಾಗಾದರೆ ವಯಸ್ಸಿಗೆ ತಕ್ಕ ಕಂತು ಕಟ್ಟಿಸಿಕೊಂಡು ಎಲ್ಲರನ್ನೂ ಯಾಕೆ ಸೇರಿಸಿಕೊಳ್ಳಬಾರದು ಅಂತ ಆತ ಲೆಕ್ಕ ಹಾಕಿದ. 1757ರಲ್ಲಿ ತೀರಿಕೊಂಡ. ಅವನ ಲೆಕ್ಕದ ಮೇಲೆ ನಿಂತ ಈಕ್ವಿಟಬಲ್ ಸಂಸ್ಥೆ ಶುರುವಾದದ್ದು 1762ರಲ್ಲಿ. ನಲವತ್ತು ದಾಟಿದವರೇ ತುಂಬಿದ್ದ ನಮ್ಮ ತರಗತಿಯಲ್ಲಿ ಈ ಕಥೆ ಸರಿಯಾದ ಜಾಗಕ್ಕೇ ತಾಗಿತು.

ಮೂರನೇ ವಾರದಿಂದ ಪಾಲಿಸಿಗಳ ಪಾಠ. ಟರ್ಮ್, ಎಂಡೋಮೆಂಟ್, ಯೂನಿಟ್ ಜೋಡಿಸಿದ್ದು (ಕಂತಿನ ಪಾಲನ್ನು ಮಾರುಕಟ್ಟೆಯಲ್ಲಿ ಹೂಡುವಂಥದ್ದು), ಆರೋಗ್ಯ, ವಾಹನ, ಮನೆ. ಟರ್ಮ್ ಪಾಲಿಸಿಯೆಂದರೆ ಬರೀ ರಕ್ಷಣೆ, ಅವಧಿ ಮುಗಿದಾಗ ಬದುಕಿದ್ದರೆ ಏನೂ ಬರುವುದಿಲ್ಲ, ಅದಕ್ಕೇ ಕಂತು ಕಡಿಮೆ. ಎಂಡೋಮೆಂಟ್‌ನಲ್ಲಿ ಉಳಿತಾಯವೂ ಸೇರಿರುತ್ತದೆ, ಬದುಕಿದ್ದರೂ ದುಡ್ಡು ಬರುತ್ತದೆ, ಅದೇ ಮೊತ್ತದ ರಕ್ಷಣೆಗೆ ಕಂತು ಎಷ್ಟೋ ಪಟ್ಟು ಹೆಚ್ಚು. ಇಷ್ಟನ್ನು ಸ್ಪಷ್ಟವಾಗಿ ಹೇಳಿದರು. ಆದರೆ ಎಂಡೋಮೆಂಟ್ ಲಾಭದ ಲೆಕ್ಕಕ್ಕೆ ಬಂದಾಗ ಪಾಠದ ವೇಗ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಇಲ್ಲಿಂದ ನನ್ನ ದೂರುಗಳು ಶುರು.

ಪುಸ್ತಕದಲ್ಲಿ ಒಂದು ಉದಾಹರಣೆ. ವರ್ಷಕ್ಕೆ 100ರಂತೆ 20 ವರ್ಷ ಕಟ್ಟಿದರೆ, ಇಪ್ಪತ್ತನೇ ವರ್ಷದ ಕೊನೆಗೆ ಸುಮಾರು 3,470 ಬರುತ್ತದೆ. ಕಟ್ಟಿದ್ದು 2,000, ಬಂದದ್ದು 3,470, ಅಂದರೆ 73 ಪರ್ಸೆಂಟ್ ಲಾಭ, ಹೀಗೆ ಗ್ರಾಹಕರಿಗೆ ಹೇಳಿ ಎಂದರು. ಬ್ಯಾಂಕಿನಿಂದ ಬಂದಿದ್ದ ಗೆಳತಿ ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದಳು: ವರ್ಷಕ್ಕೆ 5 ಪರ್ಸೆಂಟ್. ಪ್ರತಿ ವರ್ಷದ ಶುರುವಿನಲ್ಲಿ 100 ಹಾಕುತ್ತಾ ಹೋಗಿ ಚಕ್ರಬಡ್ಡಿ 5 ಹಿಡಿದರೆ ಸಿಗುವುದು ಅದೇ ಮೊತ್ತ. 73 ಸುಳ್ಳಲ್ಲ. ಆದರೆ 73 ಅಂತ ಕೇಳಿಸಿಕೊಂಡವರಿಗೆ ಹೊಳೆಯುವುದು ಬೇರೆ, 5 ಅಂತ ಕೇಳಿಸಿಕೊಂಡವರಿಗೆ ಹೊಳೆಯುವುದು ಬೇರೆ. ಬೆಲೆಗಳೂ ವರ್ಷಕ್ಕೆ ಐದರಂತೆ ಏರುತ್ತಿದ್ದರೆ ಉಳಿದದ್ದೇನು? ಅವಳು ಕೈಯೆತ್ತಿ ಕೇಳಿದಳು. 'ಗ್ರಾಹಕರು ಅಷ್ಟು ದೂರ ಕೇಳಲ್ಲ' ಎಂದರು ಪಾಠ ಮಾಡುತ್ತಿದ್ದವರು. ಆ ಉತ್ತರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಲ್ಯಾಬಿನಲ್ಲಿ ಅಂಕಿಯ ಪಕ್ಕ ಅದರ ಅಳತೆಯ ಮಾನ ಬರೆಯದೆ ರಿಪೋರ್ಟ್ ಹೊರಗೆ ಹೋಗುವುದಿಲ್ಲ. ವರ್ಷಕ್ಕೋ, ಇಪ್ಪತ್ತು ವರ್ಷಕ್ಕೋ ಅಂತ ಹೇಳದ ಪರ್ಸೆಂಟ್ ಕೂಡ ಅಷ್ಟೇ, ಅರ್ಧ ಬರೆದ ರಿಪೋರ್ಟು.

ಐದು ಮತ್ತು ಆರನೇ ವಾರ ಮಾರಾಟದ ಪಾಠ. ಮೊದಲ ದಿನವೇ ಎಲ್ಲರಿಗೂ ಖಾಲಿ ಹಾಳೆ: ನಿಮಗೆ ಗೊತ್ತಿರುವ ನೂರು ಜನರ ಹೆಸರು ಬರೆಯಿರಿ. ಈ ಕಸುಬಿನಲ್ಲಿ ಎಲ್ಲೆಡೆ ಹೀಗೇ ಶುರು ಮಾಡಿಸುತ್ತಾರಂತೆ. ನಾನೂ ಬರೆದೆ. ಅಣ್ಣ, ಅತ್ತಿಗೆ, ಚಿಕ್ಕಮ್ಮ, ಸೋದರಮಾವನ ಮಕ್ಕಳು, ಲ್ಯಾಬಿನ ಸಹೋದ್ಯೋಗಿಗಳು. ಎಪ್ಪತ್ತಕ್ಕೆ ಬರುವಷ್ಟರಲ್ಲಿ, ವರ್ಷಗಟ್ಟಲೆ ಮಾತಾಡಿಸದವರ ಹೆಸರು ಬರೆಯುತ್ತಿದ್ದೆ. 'ಅವರನ್ನು ಮಾತಾಡಿಸಲು ಇದೊಂದು ನೆಪ ಅಂದುಕೊಳ್ಳಿ' ಎಂದರು. ನನಗೆ ಅದು ಮುಳ್ಳಾಗಿ ಚುಚ್ಚಿತು. ನೆಪ ಹುಡುಕಿ ಮಾತಾಡಿಸಿದವರು ಆಮೇಲೆ ನಮ್ಮ ಫೋನ್ ಎತ್ತುವಾಗ ಯೋಚಿಸುತ್ತಾರೆ.

ಆಕ್ಷೇಪಣೆಗೆ ಉತ್ತರ ಕೊಡುವ ಅಭ್ಯಾಸ ಮಾತ್ರ ಕೆಲಸಕ್ಕೆ ಬಂತು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಗ್ರಾಹಕ, ಒಬ್ಬರು ಏಜೆಂಟ್. 'ದುಡ್ಡಿಲ್ಲ', 'ಮನೆಯವರನ್ನು ಕೇಳಬೇಕು', 'ಈಗಾಗಲೇ ಒಂದು ಪಾಲಿಸಿ ಇದೆ'. ಸೇನೆಯಿಂದ ಬಂದವರು ಗ್ರಾಹಕರ ಪಾತ್ರದಲ್ಲಿ ಎದುರು ಕೂತು, 'ನಾನು ಸತ್ತ ಮೇಲಿನ ಮಾತು ನನ್ನ ಹೆಂಡತಿಯ ಎದುರಿಗೆ ಎತ್ತಬೇಡಿ' ಅಂದಾಗ ನನಗೆ ಐದು ನಿಮಿಷ ಬಾಯಿ ಬರಲಿಲ್ಲ. ಲ್ಯಾಬಿನ ಗಾಜಿನ ಹಿಂದೆ ಇದ್ದವಳಿಗೆ ಇದೇ ಬೇಕಿತ್ತು. ಇಂಥ ಅಭ್ಯಾಸ ಎರಡು ದಿನ ಮಾತ್ರ ಇತ್ತು. ನಾಲ್ಕು ದಿನ ಮಾಡಿಸಬಹುದಿತ್ತು. ಉಳಿದ ದಿನಗಳೆಲ್ಲ ಹೆಚ್ಚು ಪಾಲಿಸಿ ಮಾಡಿಸಿದವರ ಸಾಧನೆಯ ವಿಡಿಯೋಗಳಿಗೆ ಹೋದವು.

ಆ ನೂರರ ಪಟ್ಟಿಯ ಫಲ ಏನಾಯಿತೆಂದೂ ಹೇಳಿಬಿಡುತ್ತೇನೆ. ಲೈಸೆನ್ಸ್ ಬಂದ ಮೊದಲ ತಿಂಗಳು ನನ್ನ ಸೋದರಮಾವನ ಮಗನಿಗೆ ಎಂಡೋಮೆಂಟ್ ಪಾಲಿಸಿ ಮಾಡಿಸಿದೆ. ಅವನಿಗೆ ಬೇಕಿದ್ದದ್ದು ಟರ್ಮ್. ಇಬ್ಬರು ಸಣ್ಣ ಮಕ್ಕಳು, ಮನೆ ಸಾಲ, ದುಡಿಯುವವನು ಇವನೊಬ್ಬನೇ. ನಾನು ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ ಮಾತುಗಳನ್ನೇ ಆಡಿದೆ, ಅವನು ನನ್ನ ಮುಖ ನೋಡಿ ಸಹಿ ಹಾಕಿದ. ಆರು ತಿಂಗಳಿಗೆ ಕಂತು ಭಾರವಾಯಿತು, ಗ್ರೇಸ್ ಅವಧಿಯೂ (ತಡವಾದ ಕಂತು ಕಟ್ಟಲು ಕೊಡುವ ಹೆಚ್ಚಿನ ದಿನಗಳು) ದಾಟಿ ಪಾಲಿಸಿ ಲ್ಯಾಪ್ಸ್ ಆಯಿತು, ಅಂದರೆ ನಿಂತುಹೋಯಿತು. ಅಷ್ಟು ಬೇಗ ಬಿಟ್ಟ ಪಾಲಿಸಿಗೆ ಸರೆಂಡರ್ ಮೌಲ್ಯವೂ (ನಡುವೆ ಬಿಟ್ಟವರಿಗೆ ವಾಪಸ್ ಸಿಗುವ ಮೊತ್ತ) ಇರಲಿಲ್ಲ, ಕಟ್ಟಿದ್ದಷ್ಟೂ ಹೋಯಿತು. ನನಗೆ ಬಂದಿದ್ದ ಕಮಿಷನ್ನಿನ ಒಂದು ಪಾಲನ್ನು ಕಂಪನಿ ವಾಪಸ್ ಹಿಡಿದುಕೊಂಡಿತು. ಉಳಿದದ್ದನ್ನು ನಾನೇ ಅವನಿಗೆ ಕೊಡಲು ಹೋದೆ, ಅವನು ತೆಗೆದುಕೊಳ್ಳಲಿಲ್ಲ. 'ಬಿಡಕ್ಕ, ನೀನೂ ಹೊಸಬಳು' ಅಂದ. ತಪ್ಪು ನನ್ನದು, ಅದನ್ನು ತರಬೇತಿಯ ಮೇಲೆ ಹೊರಿಸುವುದಿಲ್ಲ. ಆದರೆ ಒಬ್ಬ ಮನುಷ್ಯನಿಗೆ ಯಾವ ಪಾಲಿಸಿ ಬೇಕು ಅಂತ ಅಳೆಯುವುದನ್ನು ಒಂದೇ ಮಧ್ಯಾಹ್ನ ಹೇಳಿಕೊಟ್ಟು, ಮಾರುವುದನ್ನು ಎರಡು ವಾರ ಹೇಳಿಕೊಟ್ಟರೆ ಹೊಸಬರ ಕೈಯಿಂದ ಇಂಥದ್ದೇ ಆಗುತ್ತದೆ. ಅಳತೆಯ ಪಾಠ ಹೆಚ್ಚಬೇಕು ಅಂತ ಅವರಿಗೆ ಪತ್ರ ಬರೆದು ತಿಳಿಸಿದ್ದೇನೆ.

ಇನ್ನೊಂದು ಕೊರತೆ ಸಂಪಾದನೆಯ ಮಾತು. ಏಜೆಂಟರ ಕಮಿಷನ್ ಹೆಚ್ಚಾಗಿ ಮೊದಲ ವರ್ಷದ ಕಂತಿನ ಮೇಲೆ ದೊಡ್ಡ ಪಾಲು, ಆಮೇಲೆ ಪ್ರತಿ ವರ್ಷದ ರಿನ್ಯೂವಲ್ ಮೇಲೆ ಸಣ್ಣ ಪಾಲು. ರಿನ್ಯೂವಲ್ ಒಂದರ ಮೇಲೊಂದು ಕೂಡುತ್ತಾ ಬಂದ ಮೇಲೆಯೇ ಈ ಕಸುಬಿನಲ್ಲಿ ಕಾಲು ನೆಲಕ್ಕೆ ತಾಗುವುದು, ಅದಕ್ಕೆ ವರ್ಷಗಳು ಬೇಕು. ಪಾಲಿಸಿ ಬೀಳದಂತೆ ನೋಡಿಕೊಳ್ಳುವುದೇ ಏಜೆಂಟರ ನಿಜವಾದ ಆಸ್ತಿ. ತರಬೇತಿಯಲ್ಲಿ ಐದನೇ ವರ್ಷದ, ಹತ್ತನೇ ವರ್ಷದ ಆದಾಯದ ಚಿತ್ರ ತೋರಿಸಿದರು. ಮೊದಲ ವರ್ಷದ ನಾಲ್ಕನೇ ತಿಂಗಳಲ್ಲಿ ಒಂದೂ ಪಾಲಿಸಿ ಆಗದಿದ್ದರೆ ಮನೆ ಹೇಗೆ ನಡೆಸಬೇಕೆಂದು ಯಾರೂ ಹೇಳಲಿಲ್ಲ. ನಾನು ಎಂಟು ತಿಂಗಳ ಖರ್ಚು ಎತ್ತಿಟ್ಟು ಕೆಲಸ ಬಿಟ್ಟಿದ್ದೆ. ಸಾಲಲಿಲ್ಲ. ವರ್ಷದ್ದಾದರೂ ಬೇಕಿತ್ತು. ಪ್ರತಿ ತಿಂಗಳೂ ಸಂಬಳ ನೋಡಿ ಅಭ್ಯಾಸವಾದವರಿಗೆ, ಒಂದು ತಿಂಗಳು ಮೂರು ಪಾಲಿಸಿ, ಮುಂದಿನ ಎರಡು ತಿಂಗಳು ಸೊನ್ನೆ ಎನ್ನುವ ಬದುಕಿಗೆ ಒಗ್ಗಲು ಸಮಯ ಬೇಕು. ನಮ್ಮ 22 ಜನರಲ್ಲಿ ಈಗ ಕಸುಬಿನಲ್ಲಿ ಉಳಿದಿರುವವರು ಒಂಬತ್ತು. ಬಿಟ್ಟವರಲ್ಲಿ ಮೂರು ನಾಲ್ಕು ಜನ ನನಗಿಂತ ಒಳ್ಳೆಯ ಏಜೆಂಟ್ ಆಗಬಹುದಿದ್ದವರು, ದುಡ್ಡು ಮುಗಿದು ಬಿಟ್ಟರು. ಈ ಒಂದು ಪಾಠ ಇದ್ದಿದ್ದರೆ ಅವರು ಉಳಿಯುತ್ತಿದ್ದರೋ ಏನೋ.

ಏಳನೇ ವಾರ ಪರೀಕ್ಷೆಯ ತಯಾರಿ. ಮೂರು ಮಾದರಿ ಪರೀಕ್ಷೆ, ತಪ್ಪಿದ ಪ್ರಶ್ನೆಗಳ ಮೇಲೆ ಚರ್ಚೆ. ಇದರಲ್ಲಿ ಕೊರತೆಯಿಲ್ಲ, ಓದಿದವರೆಲ್ಲ ಪಾಸಾದರು.

ಎಂಟು ಮತ್ತು ಒಂಬತ್ತನೇ ವಾರಕ್ಕಾಗಿ ನಾನು ಈ ತರಬೇತಿಗೆ ಇನ್ನೊಮ್ಮೆ ಬೇಕಾದರೂ ಹೋಗುತ್ತೇನೆ. ಕ್ಲೈಮ್ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ್ದ ಮೇಡಂ ಒಬ್ಬರು ಬಂದರು. ಕೈಯಲ್ಲಿ ಆರು ಫೈಲ್, ಹೆಸರು ವಿಳಾಸ ಎಲ್ಲ ಮಸಿ ಬಳಿದು ಮುಚ್ಚಿದ ನಕಲುಗಳು. ಮೊದಲ ದಿನ ಅವರು ಪಾಠವನ್ನೇ ಮಾಡಲಿಲ್ಲ. ಒಂದೊಂದು ಗುಂಪಿಗೆ ಒಂದೊಂದು ಫೈಲ್ ಕೊಟ್ಟು, ದುಡ್ಡು ಕೊಡಬೇಕೋ ಬೇಡವೋ, ಸಂಜೆಯೊಳಗೆ ಬರೆದುಕೊಡಿ ಎಂದರು.

ನಮ್ಮ ಗುಂಪಿಗೆ ಬಂದದ್ದು ಸಾವಿನ ಕ್ಲೈಮ್. ಪಾಲಿಸಿ ಮಾಡಿಸಿ ಹನ್ನೊಂದು ತಿಂಗಳಿಗೆ ವ್ಯಕ್ತಿ ಕಿಡ್ನಿ ತೊಂದರೆಯಿಂದ ತೀರಿಕೊಂಡಿದ್ದರು. ಆಸ್ಪತ್ರೆಯ ಹಳೇ ದಾಖಲೆ ನೋಡಿದರೆ ಪಾಲಿಸಿಗೆ ಮೊದಲೇ ಎರಡು ಸಲ ದಾಖಲಾಗಿದ್ದಾರೆ. ವಿಮೆ ಬೇಕೆಂದು ತುಂಬಿಕೊಡುವ ಪ್ರಪೋಸಲ್ ಫಾರ್ಮ್ ತೆಗೆದೆ. ಆರೋಗ್ಯದ ಪ್ರಶ್ನೆಗಳ ಪುಟ. ಮೊದಲ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದಿದೆ. ಅದರ ಕೆಳಗಿನ ಹದಿಮೂರು ಪ್ರಶ್ನೆಗಳ ಮುಂದೆ 'ಇಲ್ಲ' ಅಂತಲೂ ಬರೆದಿಲ್ಲ. ಮೇಲಿನದೇ ಎಂಬ ಅರ್ಥದ ಎರಡೆರಡು ಸಣ್ಣ ಗೀಟು, ಸಾಲಾಗಿ ಕೆಳಗಿನವರೆಗೆ. ಫಾರ್ಮಿನ ಅಕ್ಷರವೆಲ್ಲ ಒಬ್ಬರದು, ಓಡುವ ಕೈಬರಹ, ದಿನಾ ಬರೆದು ರೂಢಿಯಾದವರದು. ಕೊನೆಯಲ್ಲಿನ ಸಹಿ ಮಾತ್ರ ಬೇರೆ, ನಿಧಾನಕ್ಕೆ, ಒತ್ತಿ ಬರೆದದ್ದು. ಆ ಗೀಟುಗಳನ್ನು ಎಳೆಯಲು ಏಜೆಂಟರಿಗೆ ಹತ್ತು ಸೆಕೆಂಡ್ ಹಿಡಿದಿರಬಹುದು. ಪ್ರಶ್ನೆಗಳನ್ನು ಓದಿ ಹೇಳಿರಲಿಕ್ಕಿಲ್ಲ ಅಂತ ಪುಟ ನೋಡಿದರೇ ಗೊತ್ತಾಗುತ್ತಿತ್ತು. ನಮ್ಮ ಲ್ಯಾಬಿನ ರಿಜಿಸ್ಟರಿನಲ್ಲಿ ಈ ಗೀಟು ಎಳೆಯುವುದಕ್ಕೆ ಬಿಡುತ್ತಿರಲಿಲ್ಲ. ಹತ್ತು ಜನರದ್ದು ನಾರ್ಮಲ್ ಬಂದರೆ ಹತ್ತು ಸಲವೂ ಬರೆಯಬೇಕು, ಏಕೆಂದರೆ ಹತ್ತು ಸಲವೂ ನೋಡಬೇಕು.

ಕ್ಲೈಮ್ ತಿರಸ್ಕಾರವಾಗಿತ್ತು. ಫೈಲಿನ ಕೊನೆಯಲ್ಲಿ ಹೆಂಡತಿ ಬರೆದ ಪತ್ರ. 'ಎಲ್ಲಿ ಸಹಿ ಹಾಕಿ ಅಂದರೋ ಅಲ್ಲಿ ನಮ್ಮ ಯಜಮಾನರು ಹಾಕಿದರು' ಅಂತಿತ್ತು. ಮೇಡಂ ಆ ಪತ್ರವನ್ನು ಗಟ್ಟಿಯಾಗಿ ಓದಲು ನನಗೇ ಹೇಳಿದರು. ಓದಿದೆ. 'ಈ ಕ್ಲೈಮ್ ತಿರಸ್ಕಾರವಾದದ್ದು ಯಾವತ್ತು?' ಎಂದು ಕೇಳಿದರು. ಪತ್ರದ ಮೇಲಿನ ತಾರೀಖು ಹೇಳಿದೆ. ಅಲ್ಲ ಎಂದು ತಲೆಯಾಡಿಸಿ, ಫಾರ್ಮಿನ ಮೇಲಿದ್ದ ತಾರೀಖನ್ನು ತೋರಿಸಿದರು.

ಅದಾದ ಮೇಲೆ ಎರಡು ವಾರ ನಾವು ಮಾಡಿದ್ದು ಫಾರ್ಮ್ ತುಂಬುವ ಕೆಲಸ. ಪ್ರಶ್ನೆಯನ್ನು ಗ್ರಾಹಕರಿಗೆ ತಿಳಿಯುವ ಮಾತಿನಲ್ಲಿ ಕೇಳುವುದು. 'ಸಕ್ಕರೆ ಕಾಯಿಲೆ ಇದೆಯೇ' ಅಂದರೆ ಇಲ್ಲ ಅನ್ನುವವರು, 'ಯಾವುದಾದರೂ ಮಾತ್ರೆ ದಿನಾ ತಗೊಳ್ತೀರಾ' ಅಂದರೆ ಡಬ್ಬಿಯೇ ತಂದು ಮುಂದಿಡುತ್ತಾರೆ. ನಾಮಿನಿಯ ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆಯೇ, ಅಕ್ಷರ ಅಕ್ಷರಕ್ಕೆ ಹೊಂದಬೇಕು. ಮನೆಯಲ್ಲಿ ಕರೆಯುವ ಹೆಸರು ಬರೆದು ತಿಂಗಳುಗಟ್ಟಲೆ ಅಲೆದಾಡಿದ ಕುಟುಂಬವೂ ಆ ಆರು ಫೈಲುಗಳಲ್ಲಿ ಇತ್ತು. ಗ್ರಾಹಕರ ಉತ್ತರ ಏನೇ ಇರಲಿ, ಅದನ್ನು ಅವರೆದುರೇ ಬರೆದು, ಅವರಿಗೇ ಓದಿಸಿ, ಆಮೇಲೆ ಸಹಿ.

ಇದರ ಹಿಂದಿನ ಕಾನೂನಿನ ತತ್ವವನ್ನೂ ಮೇಡಂ ಹೇಳಿದರು. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರ ಮುಂದೆ ಬಂದ ಕಾರ್ಟರ್ ವಿರುದ್ಧ ಬೋಮ್ ಮೊಕದ್ದಮೆ. ಸುಮಾತ್ರಾದ ಒಂದು ಕೋಟೆ ಶತ್ರುಗಳ ಕೈಗೆ ಹೋದರೆ ಎಂದು ಅಲ್ಲಿನ ಗವರ್ನರ್ ವಿಮೆ ಮಾಡಿಸಿದ್ದ, ಕೋಟೆ ಹೋಯಿತು, ಕೋಟೆ ಎಷ್ಟು ದುರ್ಬಲ ಎಂದು ನಮಗೆ ಹೇಳಲಿಲ್ಲ ಅಂತ ವಿಮೆ ಕೊಟ್ಟವನು ತಕರಾರು ತೆಗೆದ. ವಿಮೆಯ ಒಪ್ಪಂದದಲ್ಲಿ ಗೊತ್ತಿರುವ ಮುಖ್ಯ ಸಂಗತಿಯನ್ನು ಮುಚ್ಚಿಡಬಾರದು, ಆ ಪ್ರಾಮಾಣಿಕತೆ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ ಎಂಬ ಮಾತು ಬೇರೂರಿದ್ದು ಆ ತೀರ್ಪಿನಿಂದ. ಗೆದ್ದವನು ಮಾತ್ರ ವಿಮೆ ಮಾಡಿಸಿದವನೇ. ಕೇಳಿ ತಿಳಿಯಬಹುದಾಗಿದ್ದನ್ನು ಕೇಳದೆ ದುಡ್ಡು ತೆಗೆದುಕೊಂಡವನು ಆಮೇಲೆ ದೂರುವಂತಿಲ್ಲ ಎಂದಾಯಿತು. ಗ್ರಾಹಕರನ್ನು ಹೆದರಿಸಲಿಕ್ಕೆ ಈ ತತ್ವ ಬಳಸಬೇಡಿ, ಕಂಪನಿಗೂ ಇದೇ ಅಳತೆ ಅಂತ ನೆನಪಿಡಿ ಎಂದರು ಮೇಡಂ. ಇಷ್ಟು ನೇರವಾಗಿ ಎರಡೂ ಕಡೆ ನೋಡಿ ಮಾತಾಡುವ ಶಿಕ್ಷಕರು ಸಿಗುವುದು ಕಷ್ಟ.

ನನ್ನ ಹಳೇ ಕೆಲಸ ಉಪಯೋಗಕ್ಕೆ ಬಂದದ್ದೂ ಇಲ್ಲೇ. ಸಿಗರೇಟು ಸೇದುವುದಿಲ್ಲ ಎಂದು ಬರೆಸಿದವರ ಮೂತ್ರದಲ್ಲಿ ಕೋಟಿನಿನ್ ನೋಡುತ್ತಾರೆ; ನಿಕೋಟಿನ್ ದೇಹದಲ್ಲಿ ಒಡೆದು ಆಗುವ ವಸ್ತು ಅದು, ಕೊನೆಯ ಸಿಗರೇಟಿನ ನಂತರವೂ ಕೆಲವು ದಿನ ಸಿಗುತ್ತದೆ. ಪರೀಕ್ಷೆಯ ಹಿಂದಿನ ದಿನ ಬಿಟ್ಟರೆ ಗೊತ್ತಾಗುವುದಿಲ್ಲ ಅಂದುಕೊಂಡವರಿಗೆ ಇದನ್ನು ನಾನೇ ತರಗತಿಯಲ್ಲಿ ವಿವರಿಸಿದೆ. ಎಚ್‌ಬಿಎ1ಸಿ ಎಂಬ ರಕ್ತದ ಸಕ್ಕರೆಯ ಪರೀಕ್ಷೆ ಕೂಡ ಹಾಗೆ. ಒಂದು ದಿನ ಉಪವಾಸ ಇದ್ದು ಬಂದರೆ ಅದು ಇಳಿಯುವುದಿಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಏಕೆಂದರೆ ಕೆಂಪು ರಕ್ತಕಣದ ಆಯಸ್ಸೇ ಸುಮಾರು 120 ದಿನ. 6.5 ಪರ್ಸೆಂಟ್ ಮುಟ್ಟಿದರೆ ಸಕ್ಕರೆ ಕಾಯಿಲೆಯ ಲೆಕ್ಕ. ಮೇಡಂ ನನಗೆ ಅರ್ಧ ಗಂಟೆ ಬಿಟ್ಟುಕೊಟ್ಟರು. ಕೆಲಸ ಬದಲಿಸುವವರಿಗೆ ಹಿಂದಿನದ್ದೆಲ್ಲ ನೀರಿಗೆ ಹೋಯಿತು ಎಂಬ ಸಂಕಟ ಒಳಗೇ ಇರುತ್ತದೆ, ನನಗೂ ಇತ್ತು. ಆ ಅರ್ಧ ಗಂಟೆಯಲ್ಲಿ ಅದು ಹೋಯಿತು.

ಆರು ಫೈಲಿನ ಬಗ್ಗೆ ಒಂದು ಮಾತು ಅವತ್ತೇ ಹೇಳಿದ್ದೆ. ಆರೂ ಕೆಟ್ಟ ಕಥೆಗಳೇ. ಒಂದಾದರೂ ಸರಿಯಾಗಿ ಬರೆದು, ಸರಿಯಾಗಿ ಬಂದ ಕ್ಲೈಮಿನ ಫೈಲ್ ಇರಬೇಕಿತ್ತು. 'ಸರಿಯಾಗಿ ಬಂದವು ನನ್ನ ಮೇಜಿನ ಮೇಲೆ ಹೆಚ್ಚು ಹೊತ್ತು ಇರುತ್ತಿರಲಿಲ್ಲಮ್ಮ, ಅದಕ್ಕೇ ನೆನಪಿಲ್ಲ' ಎಂದರು.

ಉಳಿದ ಸೌಲಭ್ಯಗಳ ಮಾತು ಬೇಗ ಮುಗಿಸುತ್ತೇನೆ. ಪುಸ್ತಕದ ಅಕ್ಷರ ತೀರಾ ಸಣ್ಣದು, ಕೊನೆಯಲ್ಲಿ ಪದಸೂಚಿ ಇಲ್ಲ, ಗ್ರೇಸ್ ಅವಧಿ ಎಲ್ಲಿದೆ ಎಂದು ಹುಡುಕಲು ಪುಟ ಮಗುಚುತ್ತಲೇ ಇರಬೇಕು. ತರಗತಿಗಳ ರೆಕಾರ್ಡಿಂಗ್ 90 ದಿನ ಮಾತ್ರ ನೋಡಬಹುದು, ನಿಜವಾಗಿ ಬೇಕಾಗುವುದು ಆಮೇಲೆ. ತರಬೇತಿ ಮುಗಿದ ಮೇಲೆ ಆರು ತಿಂಗಳು ಮಾರ್ಗದರ್ಶಕರು ಜೊತೆಗಿರುತ್ತಾರೆ ಎಂದಿದ್ದರು. ಎರಡು ತಿಂಗಳು ಒಬ್ಬರು ಫೋನಿಗೆ ಸಿಕ್ಕರು, ಒಳ್ಳೆಯ ಮನುಷ್ಯ. ಅವರು ಬಿಟ್ಟು ಹೋದ ಮೇಲೆ ಬಂದವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಈ ತಿಂಗಳು ಎಷ್ಟು ಪಾಲಿಸಿ ಎಂದು ಕೇಳಲು ಮಾತ್ರ ಫೋನ್ ಬರುತ್ತಿತ್ತು. ಮೂಲತತ್ವ ಮತ್ತು ಕ್ಲೈಮ್ ಪಾಠಕ್ಕೆ ಐದಕ್ಕೆ ಐದು ಕೊಡುತ್ತೇನೆ, ಮಾರಾಟದ ಪಾಠಕ್ಕೆ ಎರಡು, ಆಮೇಲಿನ ನೆರವಿಗೆ ಒಂದೂವರೆ. ಸೇರುವ ಮೊದಲು ಅವರನ್ನು ಒಂದೇ ಪ್ರಶ್ನೆ ಕೇಳಿ: ಕ್ಲೈಮ್ ಪಾಠ ಎಷ್ಟು ದಿನ, ಯಾರು ಮಾಡುತ್ತಾರೆ? ಅರ್ಧ ದಿನ ಅಂದರೆ ಬೇರೆ ಕಡೆ ನೋಡಿ.

ಈಗ ಆ ಕ್ಲೈಮಿನ ವಿಷಯ. ಲೈಸೆನ್ಸ್ ಬಂದ ಮೂರನೇ ತಿಂಗಳು ಸಣ್ಣ ಮುದ್ರಣಾಲಯ ನಡೆಸುತ್ತಿದ್ದ ಒಬ್ಬರಿಗೆ ಟರ್ಮ್ ಪಾಲಿಸಿ ಮಾಡಿಸಿದೆ. ದಿನಾ ಮಾತ್ರೆ ತಗೊಳ್ತೀರಾ ಎಂದಾಗ ಹೌದು ಎಂದರು. ಹಳೇ ರಿಪೋರ್ಟ್ ತರಿಸಿ ನೋಡಿದರೆ ಎಚ್‌ಬಿಎ1ಸಿ 8.1. 'ಅದನ್ನ ಬರೀಬೇಡಿ ಮೇಡಂ, ಪ್ರೀಮಿಯಂ ಏರಿಸ್ತಾರೆ. ಬೇರೆ ಏಜೆಂಟು ಬರೆಯಲ್ಲ ಅಂದಿದ್ದಾರೆ' ಎಂದರು. ಆ ತಿಂಗಳು ನನ್ನದು ಒಂದೂ ಪಾಲಿಸಿ ಆಗಿರಲಿಲ್ಲ. ನಾನು ಅವರಿಗೆ ಆ ಗೀಟುಗಳ ಕಥೆ ಹೇಳಿದೆ, ಆ ಪತ್ರದಲ್ಲಿ ಏನಿತ್ತೆಂದೂ ಹೇಳಿದೆ. ಅವರ ಹೆಂಡತಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. 'ಬರೀರಿ' ಎಂದು ಅಂದವರು ಅವರೇ. ಬರೆದೆ. ಕಾಯಿಲೆಯ ಹೆಸರು, ಎಷ್ಟು ವರ್ಷದಿಂದ, ಯಾವ ಮಾತ್ರೆ, 8.1, ರಿಪೋರ್ಟಿನ ತಾರೀಖು. ಕಂಪನಿ ಕಂತು ಏರಿಸಿಯೇ ಪಾಲಿಸಿ ಕೊಟ್ಟಿತು. ಮುದ್ರಣಾಲಯದವರು ಸಿಟ್ಟಿನಲ್ಲೇ ಕಟ್ಟಿದರು.

ಹದಿಮೂರು ತಿಂಗಳಿಗೆ ಹೃದಯಾಘಾತ. ಪಾಲಿಸಿ ಶುರುವಾಗಿ ಸ್ವಲ್ಪ ಸಮಯಕ್ಕೇ ಸಾವಾದರೆ ಕಂಪನಿ ತನಿಖೆ ಮಾಡಿಸುವುದು ಸಾಮಾನ್ಯ, ಇಲ್ಲೂ ಮಾಡಿಸಿತು. ತನಿಖೆಗೆ ಬಂದವರು ಲ್ಯಾಬಿನ ಹಳೇ ರಿಪೋರ್ಟುಗಳನ್ನೆಲ್ಲ ತೆಗೆಸಿದರು. ಅವರು ಮೇಜಿನ ಮೇಲೆ ಒಂದು ಕಡೆ ರಿಪೋರ್ಟ್, ಒಂದು ಕಡೆ ನಾನು ತುಂಬಿದ ಫಾರ್ಮ್ ಇಟ್ಟುಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಹೊಂದಿಸಿ ನೋಡುತ್ತಿದ್ದರು. 8.1ರ ಮೇಲೆ ಬೆರಳು ನಿಂತಿತು. ಇನ್ನೊಂದು ಕೈಯ ಬೆರಳು ಫಾರ್ಮಿನ ಮೇಲೆ. ಅಲ್ಲೂ 8.1. ಏನೂ ಹೇಳದೆ ಪುಟ ತಿರುಗಿಸಿದರು. ನಾನು ಎದುರು ಕೂತಿದ್ದೆ, ಕೈ ನಡುಗುತ್ತಿತ್ತು.

ಪೂರ್ತಿ ಮೊತ್ತ ಬಂತು. ಅವರ ಹೆಂಡತಿ ಫೋನ್ ಮಾಡಿ, 'ಅಕ್ಕಾ, ಅವರು ಕೊನೆಯವರೆಗೂ ನಿಮ್ಮ ಮೇಲೆ ಸಿಟ್ಟಾಗಿದ್ರು, ಆ ಶುಗರ್ ಬರೆದಿದ್ದಕ್ಕೆ' ಎಂದರು. ಇಬ್ಬರೂ ಅತ್ತೆವು.

ಕ್ಲೈಮ್ ಮೇಡಂಗೆ ತಿಳಿಸಿದಾಗ ಅವರು ಮೊದಲು ಕೇಳಿದ್ದು ನಾಮಿನಿಯ ಹೆಸರು ಹೊಂದಿತಾ ಎಂದು. ಹೊಂದಿತು ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಆ ಫೈಲಿನ ನಕಲು ಕೊಡಿಸುತ್ತೀಯಾ, ಹೆಸರೆಲ್ಲ ಮುಚ್ಚಿ ಮುಂದಿನ ಬ್ಯಾಚಿಗೆ ಇಟ್ಟುಕೊಳ್ಳುತ್ತೇನೆ ಎಂದರು. ನಾನು ಹೋಗಿ ಮುದ್ರಣಾಲಯದವರ ಹೆಂಡತಿಯನ್ನು ಕೇಳಿದೆ. ಫಾರ್ಮನ್ನು ಒಮ್ಮೆ ಪೂರ್ತಿ ಓದಿಸಿಕೊಂಡು ಒಪ್ಪಿದರು. ಹೊಸ ಬ್ಯಾಚಿನಿಂದ ಅಲ್ಲಿ ಏಳು ಫೈಲ್ ಇರುತ್ತವೆ.